ಕರ್ನಲ್ ಹಿಂದಕ್ಕೆ ಹೋಗುತ್ತದೆ, ಡಿಸ್ಕ್ ಹೋಗುವುದಿಲ್ಲ

ಪ್ರಶ್ನೆ: ನಾನು ಒಂದು ಸಣ್ಣ ಡೆಬಿಯನ್ (ಲಿನಕ್ಸ್‌ನ ಒಂದು ವಿತರಣೆ) ಸರ್ವರ್ ನೋಡಿಕೊಳ್ಳುತ್ತೇನೆ. ಮೂರು ದಿನಗಳ ಹಿಂದೆ ಅಪ್‌ಡೇಟ್ ಜೊತೆಗೆ ಹೊಸ ಕರ್ನಲ್ (ಯಂತ್ರಾಂಶವನ್ನು ನಡೆಸುವ, ಲಿನಕ್ಸ್‌ನ ತಿರುಳು) ಬಂತು, ರೀಬೂಟ್ ಮಾಡಿದೆ. ನಿನ್ನೆಯಿಂದ ಡೇಟಾಬೇಸ್ ತನ್ನದೇ ಫೈಲ್‌ಗಳು ಕೆಟ್ಟಿವೆ ಎಂದು ದೂರುತ್ತಿದೆ. ಇಂದು ಬೆಳಿಗ್ಗೆ ಡೇಟಾ ಇರುವ ಇಎಕ್ಸ್‌ಟಿ4 (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಫೈಲ್ ಸಿಸ್ಟಮ್) ಪಾರ್ಟಿಷನ್ ತಾನಾಗಿಯೇ ರೀಡ್-ಓನ್ಲಿ (ಓದಲು ಮಾತ್ರ) ಆಗಿಬಿಟ್ಟಿದೆ. ಹಳೆಯ ಕರ್ನಲ್‌ಗೆ ಮರಳುವುದು ಹೇಗೆ? ಮರಳಿದರೆ ಎಲ್ಲವೂ ಸರಿಹೋಗುತ್ತದೆಯೇ? ಅದಕ್ಕೂ ಮೊದಲು, ಫೈಲ್ ಸಿಸ್ಟಮ್ ಪರೀಕ್ಷಿಸಿ ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸಲೇ? ಮತ್ತೆ ಅಪ್‌ಡೇಟ್ ಮಾಡುವುದು ಯಾವಾಗ?

ಉತ್ತರ: ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಬೆರಳು ಈಗಾಗಲೇ ಕೀಲಿಮಣೆಯ ಮೇಲಿರಬಹುದು. ಎಫ್‌ಎಸ್‌ಸಿಕೆ ಈಗ ಓಡಿಸಬೇಡಿ. ಪಾರ್ಟಿಷನ್ ರೀಡ್-ಓನ್ಲಿ ಆಗಿದೆಯೆಂದು ರೀಮೌಂಟ್ ಮಾಡಿ (ಬಳಕೆಗೆ ಮತ್ತೆ ಜೋಡಿಸಿ) ಮತ್ತೆ ಬರೆಯುವ ಸ್ಥಿತಿಗೆ ತರಲೂ ಹೋಗಬೇಡಿ. ಇಎಕ್ಸ್‌ಟಿ4 ತನ್ನ ಒಳಗಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಕಂಡಾಗ, ಹಾಗೆ ಹೊಂದಿಸಿದ್ದರೆ, ಇನ್ನಷ್ಟು ಕೆಡದಿರಲಿ ಎಂದು ಬರವಣಿಗೆಯನ್ನು ನಿಲ್ಲಿಸಿಕೊಳ್ಳುತ್ತದೆ. ಈ ಮೂರು ದಿನಗಳಲ್ಲಿ ನಿಮ್ಮ ಯಂತ್ರದಲ್ಲಿ ನಡೆದ ಏಕೈಕ ಒಳ್ಳೆಯ ಕೆಲಸ ಅದು. ಅದನ್ನು ಕೆಡಿಸಬೇಡಿ.

ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ. ಹಳೆಯ ಕರ್ನಲ್‌ಗೆ ಹೋದರೆ ಹೊಸ ಹಾನಿ ನಿಲ್ಲುತ್ತದೆ, ಅಷ್ಟೇ. ಮೂರು ದಿನ ಆ ಕರ್ನಲ್ ಡಿಸ್ಕ್ ಮೇಲೆ ಏನು ಬರೆಯಿತೋ ಅದು ಅಲ್ಲಿಯೇ ಇರುತ್ತದೆ. ಸೋರುವ ನಲ್ಲಿಯನ್ನು ಬಿಗಿ ಮಾಡಿದ ಮಾತ್ರಕ್ಕೆ ನೆನೆದ ಗೋಡೆ ಒಣಗುವುದಿಲ್ಲ. ಕರ್ನಲ್ ಹಿಂದಕ್ಕೆ ತರುವುದು ಹತ್ತು ನಿಮಿಷದ ಕೆಲಸ. ಗೋಡೆ ಎಲ್ಲೆಲ್ಲಿ ನೆನೆದಿದೆ ಎಂದು ಹುಡುಕುವುದು ದಿನಗಟ್ಟಲೆ ಹಿಡಿಯಬಹುದು. ಆದ್ದರಿಂದ ಈ ಉತ್ತರದ ಹೆಚ್ಚು ಭಾಗ ಆ ಹುಡುಕಾಟದ ಬಗ್ಗೆಯೇ ಇದೆ. (ಕಮಾಂಡ್‌ಗಳ ಹೆಸರನ್ನು ಕಿವಿಗೆ ಕೇಳಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವುಗಳ ಮೂಲ ಕಾಗುಣಿತವೇ ಬೇಕು.)

ಈಗಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ, ಅದು ಕರ್ನಲ್‌ಗೆ ಸಂಬಂಧಿಸಿದ್ದೇ ಅಲ್ಲ. ನಿಮ್ಮ ಬ್ಯಾಕಪ್ ವ್ಯವಸ್ಥೆಯನ್ನು ನಿಲ್ಲಿಸಿ. ಹೌದು, ನಿಲ್ಲಿಸಿ. ಪ್ರತಿ ರಾತ್ರಿ ಓಡುವ ಬ್ಯಾಕಪ್‌ಗೆ ಕೆಟ್ಟ ಫೈಲ್ ಯಾವುದು, ಒಳ್ಳೆಯದು ಯಾವುದು ಎಂಬುದು ಗೊತ್ತಾಗುವುದಿಲ್ಲ. ಅದು ಕೆಟ್ಟ ಫೈಲನ್ನು ‘ಹೊಸ ಆವೃತ್ತಿ’ ಎಂದುಕೊಂಡು ನಕಲು ಮಾಡುತ್ತದೆ, ಜಾಗ ಸಾಲದಿದ್ದರೆ ಹಳೆಯ ಒಳ್ಳೆಯ ಪ್ರತಿಯನ್ನು ಅಳಿಸುತ್ತದೆ. ಏಳು ದಿನಗಳ ಪ್ರತಿ ಮಾತ್ರ ಇಟ್ಟುಕೊಳ್ಳುವ ವ್ಯವಸ್ಥೆಯಾಗಿದ್ದರೆ ಈಗಾಗಲೇ ಮೂರು ದಿನ ಕಳೆದಿವೆ. ಅಪ್‌ಡೇಟ್‌ಗೆ ಮೊದಲಿನ ಕೊನೆಯ ಪ್ರತಿಯನ್ನು ಗುರುತಿಸಿ, ಅದನ್ನು ಯಾವ ಕ್ರಾನ್ ಕೆಲಸವೂ (ನಿಗದಿತ ವೇಳೆಗೆ ತಾನಾಗಿ ಓಡುವ ಕೆಲಸ) ಮುಟ್ಟದ ಜಾಗದಲ್ಲಿ ಇಡಿ. ಉಳಿದದ್ದೆಲ್ಲ ಆಮೇಲೆ.

ಇನ್ನು ತಪ್ಪು ಕರ್ನಲ್‌ನದೇ ಎಂದು ಖಚಿತವೇ? ಅಪ್‌ಡೇಟ್ ಆದ ಮರುದಿನವೇ ಡಿಸ್ಕ್ ಸಾಯುವುದೂ ಉಂಟು. ಕರ್ನಲ್ ಲಾಗ್ ನೋಡಿ: ಡಿಸ್ಕ್ ಸಾಧನದ ಹೆಸರಿನೊಂದಿಗೆ ಐಒ (ಓದು-ಬರಹ) ಎರರ್, ಟೈಮ್‌ಔಟ್, ಲಿಂಕ್ ರೀಸೆಟ್ ಮುಂತಾದವು ಸಾಲುಗಟ್ಟಿದ್ದರೆ ಮೊದಲು ಹಾರ್ಡ್‌ವೇರ್ ಅನ್ನು ಅನುಮಾನಿಸಿ. ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್‌ಸಿಟಿಎಲ್ ಏನು ಹೇಳುತ್ತದೆ ನೋಡಿ. ಸಾಧನದಿಂದ ಒಂದೂ ದೂರಿಲ್ಲದೆ, ಇಎಕ್ಸ್‌ಟಿ4 ಮಾತ್ರ ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲವೆಂದು ನೋಡುವ ಸಂಖ್ಯೆ) ತಾಳೆಯಾಗುತ್ತಿಲ್ಲ, ಎಕ್ಸ್‌ಟೆಂಟ್ (ಫೈಲಿನ ಬ್ಲಾಕ್‌ಗಳ ಸಾಲು) ಸರಿಯಿಲ್ಲ ಎಂದು ಗೊಣಗುತ್ತಿದ್ದರೆ ಕರ್ನಲ್ ಅಥವಾ ಮೆಮೊರಿ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಮೆಮೊರಿ ಪರೀಕ್ಷೆಗೆ ಒಂದು ರಾತ್ರಿ ಬೇಕು. ಅದನ್ನು ಡೇಟಾ ಸುರಕ್ಷಿತವಾದ ಮೇಲೆ ಮಾಡಿ. ಆ ಲಾಗನ್ನು ಈಗಲೇ ಬೇರೊಂದು ಯಂತ್ರಕ್ಕೆ ನಕಲು ಮಾಡಿಕೊಳ್ಳಿ. ಮುಂದೆ ದೋಷ ವರದಿ ಮಾಡಲು ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ.

ಕರ್ನಲ್ ತಪ್ಪು ಎಂದಾಗಲೂ ಅದರ ಯಾವ ಭಾಗದ ತಪ್ಪು ಎಂಬುದು ಮುಖ್ಯ. 2018ರ ಕೊನೆಯಲ್ಲಿ 4.19 ಕರ್ನಲ್ ಬಳಸಿದವರ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗಳು ಕೆಡತೊಡಗಿದವು. ಎಲ್ಲರೂ ಇಎಕ್ಸ್‌ಟಿ4 ಕಡೆಗೆ ಬೆರಳು ತೋರಿಸಿದರು. ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ ತಪ್ಪು ಇದ್ದದ್ದು ಅದರ ಕೆಳಗಿನ ಪದರದಲ್ಲಿ, ಡಿಸ್ಕ್‌ಗೆ ಹೋಗುವ ಕೋರಿಕೆಗಳನ್ನು ಸರದಿಯಲ್ಲಿಡುವ ಬ್ಲಾಕ್ ಪದರದಲ್ಲಿ. ಅದೂ ಆ ಕೋರಿಕೆಗಳ ಕ್ರಮ ನಿರ್ಧರಿಸುವ ಐಒ ಶೆಡ್ಯೂಲರ್ ಇಲ್ಲದೆ ಓಡುತ್ತಿದ್ದ ಯಂತ್ರಗಳಲ್ಲಿ. 4.19.8ರಲ್ಲಿ ಸರಿಪಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಈ ಕಥೆ ಹೇಳುವುದಕ್ಕೆ ಕಾರಣ ಇದು: ಬ್ಲಾಕ್ ಪದರವೇ ಕೆಟ್ಟಿದ್ದರೆ ಅದೇ ಕರ್ನಲ್ ಮೇಲೆ ಓಡುವ ಎಫ್‌ಎಸ್‌ಸಿಕೆ ಡಿಸ್ಕ್‌ನಿಂದ ಓದುವುದೂ ಅದೇ ಕೆಟ್ಟ ದಾರಿಯಲ್ಲಿ, ‘ದುರಸ್ತಿ’ ಬರೆಯುವುದೂ ಅದೇ ದಾರಿಯಲ್ಲಿ. ದುರಸ್ತಿಯೇ ಹಾನಿಯಾಗುತ್ತದೆ. ಎಫ್‌ಎಸ್‌ಸಿಕೆ ಬೇಡ ಎಂದು ಮೊದಲ ಸಾಲಿನಲ್ಲೇ ಹೇಳಿದ್ದು ಇದಕ್ಕೆ.

ನಾನು ಇದನ್ನು ಕಲಿತದ್ದು ಸುಲಭದ ದಾರಿಯಲ್ಲಲ್ಲ. ಹಲವು ವರ್ಷಗಳ ಹಿಂದೆ ಒಂದು ನಡುರಾತ್ರಿ, ಕೆಟ್ಟ ಕರ್ನಲ್ ಓಡುತ್ತಿರುವಾಗಲೇ, ಪ್ರತಿ ಪ್ರಶ್ನೆಗೂ ‘ಹೌದು’ ಎನ್ನುವ -ವೈ ಆಯ್ಕೆ ಕೊಟ್ಟು ಎಫ್‌ಎಸ್‌ಸಿಕೆ ಓಡಿಸಿ ಮಲಗಲು ಹೋದೆ. ಬೆಳಿಗ್ಗೆ ಫೈಲ್ ಸಿಸ್ಟಮ್ ಸ್ವಚ್ಛವಾಗಿತ್ತು. ಫೈಲ್‌ಗಳು ಮಾತ್ರ ಲಾಸ್ಟ್+ಫೌಂಡ್ ಡೈರೆಕ್ಟರಿಯಲ್ಲಿ ಹೆಸರಿಲ್ಲದೆ, ಬರೀ ಅಂಕಿಗಳಾಗಿ ಬಿದ್ದಿದ್ದವು. ಸಾವಿರಾರು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ರೀಬೂಟ್ ಮಾಡುವ ಮೊದಲು ಒಂದು ಬೋನನ್ನು ತಪ್ಪಿಸಿಕೊಳ್ಳಬೇಕು. ನಿಮ್ಮ ಪಾರ್ಟಿಷನ್ ಮೇಲೆ ‘ಇಲ್ಲಿ ದೋಷವಿದೆ’ ಎಂಬ ಗುರುತು ಈಗಾಗಲೇ ಬಿದ್ದಿರುತ್ತದೆ. ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್‌ನಲ್ಲಿ ಅದರ ಸಾಲಿನ ಕೊನೆಯ ಅಂಕಿ 1 ಅಥವಾ 2 ಇದ್ದರೆ, ಬೂಟ್ ಆಗುವಾಗ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ನಿಮ್ಮನ್ನು ಕೇಳದೆಯೇ ಎಫ್‌ಎಸ್‌ಸಿಕೆ ಓಡಿಸುತ್ತದೆ, ಆಮೇಲೆ ಮೌಂಟ್ ಮಾಡುತ್ತದೆ. ಆದ್ದರಿಂದ ಆ ಸಾಲನ್ನೇ ಸದ್ಯಕ್ಕೆ (ಮುಂದೆ # ಹಾಕಿ) ಕಾಮೆಂಟ್ ಮಾಡಿಬಿಡಿ. ಹಾಗೆಯೇ ಡೇಟಾಬೇಸ್ ಸೇವೆಯನ್ನು ನಿಲ್ಲಿಸಿ, ಬೂಟ್ ಆದಾಗ ಮತ್ತೆ ಏಳದಂತೆ ಡಿಸೇಬಲ್ ಮಾಡಿ. ಇಲ್ಲವಾದರೆ ಪಾರ್ಟಿಷನ್ ಮೌಂಟ್ ಆಗದ ಖಾಲಿ ಡೈರೆಕ್ಟರಿಯಲ್ಲಿ ಡೇಟಾಬೇಸ್ ಹೊಸದಾಗಿ ಸಂಸಾರ ಹೂಡಲು ನೋಡಬಹುದು. ಅದು ಬೇರೆಯೇ ತಲೆನೋವು. ಮೂಲ (ರೂಟ್) ಪಾರ್ಟಿಷನ್ನಿನ ಮೇಲೂ ಅನುಮಾನವಿದ್ದರೆ, ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಲ್ಲಿ ಎಡಿಟ್ ಮಾಡುವ ‘ಇ’ ಕೀಲಿ ಒತ್ತಿ, ಕರ್ನಲ್ ಸಾಲಿನ ಕೊನೆಯಲ್ಲಿ ‘ಎಫ್‌ಎಸ್‌ಸಿಕೆ.ಮೋಡ್=ಸ್ಕಿಪ್’ ಸೇರಿಸಿದರೆ ಆ ಒಂದು ಬೂಟ್‌ಗೆ ಪರೀಕ್ಷೆ ನಡೆಯುವುದಿಲ್ಲ.

ಡೆಬಿಯನ್‌ನಲ್ಲಿ ಹಳೆಯ ಕರ್ನಲ್ ಸಾಮಾನ್ಯವಾಗಿ ಯಂತ್ರದಲ್ಲೇ ಇರುತ್ತದೆ, ಏಕೆಂದರೆ ಕರ್ನಲ್ ಪ್ಯಾಕೇಜ್‌ನ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇದೆ. ಹೊಸದು ಹಳೆಯದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಗ್ರಬ್ ಮೆನು ಕಾಣದಿದ್ದರೆ ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್, ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ಕೀಲಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಹಳೆಯ ಕರ್ನಲ್‌ಗಳು ಸಾಲಾಗಿ ನಿಂತಿರುತ್ತವೆ. ಸರ್ವರ್ ದೂರದಲ್ಲಿದ್ದು ಕನ್ಸೋಲ್ ಸಿಗದಿದ್ದರೆ, ಗ್ರಬ್ ಸಂರಚನೆಯಲ್ಲಿ ಡಿಫಾಲ್ಟ್ ಎಂಬುದನ್ನು ‘ಸೇವ್ಡ್’ ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಿ, ಗ್ರಬ್-ಸೆಟ್-ಡಿಫಾಲ್ಟ್ ಕಮಾಂಡ್‌ನಿಂದ ಹಳೆಯದನ್ನು ಆರಿಸಬಹುದು. ಹಳೆಯ ಕರ್ನಲ್ ಉಪಮೆನುವಿನ ಒಳಗಿರುವುದರಿಂದ ಬರೀ ಸಂಖ್ಯೆ ಕೊಟ್ಟರೆ ಸಾಲದು. 1>2 ಎಂಬಂತೆ ಮೆನು ಮತ್ತು ಉಪಮೆನು ಎರಡನ್ನೂ ಹೇಳಬೇಕು. ಎಣಿಕೆ ಸೊನ್ನೆಯಿಂದ ಶುರು. ಇದರಲ್ಲಿ ತಪ್ಪದವರನ್ನು ನಾನು ಇನ್ನೂ ಕಂಡಿಲ್ಲ.

ಬೂಟ್ ಆದ ಮೇಲೆ ಯಾವ ಕರ್ನಲ್ ಓಡುತ್ತಿದೆ ಎಂದು ನೋಡಿ. ಇಲ್ಲೊಂದು ಗೊಂದಲವಿದೆ. ಡೆಬಿಯನ್ 12ರಲ್ಲಿ ‘ಯುನೇಮ್ -ಆರ್’ ಎಂದರೆ 6.1.0-13 ಎಂಬಂಥ ಉತ್ತರ ಬರುತ್ತದೆ. ಅದು ಪ್ಯಾಕೇಜ್‌ನ ಹೆಸರು, ನಿಜವಾದ ಕರ್ನಲ್ ಆವೃತ್ತಿಯಲ್ಲ. ನಿಜವಾದದ್ದು ‘ಯುನೇಮ್ -ವಿ’ ಎಂದಾಗ ಕಾಣುತ್ತದೆ. ಉದಾಹರಣೆಗೆ 6.1.0-13 ಎಂದರೆ ಒಳಗಿರುವುದು 6.1.55, 6.1.0-14 ಎಂದರೆ 6.1.64. ದೋಷದ ಸುದ್ದಿಯಲ್ಲಿ ಬರುವುದು ಎರಡನೆಯ ಬಗೆಯ ಸಂಖ್ಯೆ. ಮೊದಲನೆಯದನ್ನು ನೋಡಿಕೊಂಡು ‘ನಮ್ಮದು 6.1.0, ನಮಗೇನೂ ಆಗಿಲ್ಲ’ ಎಂದು ನೆಮ್ಮದಿಯಿಂದ ಕುಳಿತವರಿದ್ದಾರೆ.

ಈ ಎರಡು ಸಂಖ್ಯೆಗಳನ್ನು ನಾನು ಸುಮ್ಮನೆ ಆರಿಸಿಕೊಳ್ಳಲಿಲ್ಲ. 2023ರ ಡಿಸೆಂಬರ್‌ನಲ್ಲಿ 6.1.64 ಕರ್ನಲ್ ಇಎಕ್ಸ್‌ಟಿ4 ಡೇಟಾ ಕೆಡಿಸುತ್ತದೆ ಎಂಬುದು ಗೊತ್ತಾಯಿತು. ಡೆಬಿಯನ್ 12.3 ಬಿಡುಗಡೆಯನ್ನೇ ತಡೆದು, ಮರುದಿನ, ಡಿಸೆಂಬರ್ 10ರಂದು, ಸರಿಪಡಿಸಿದ 6.1.66 ಜೊತೆಗೆ ನೇರವಾಗಿ 12.4 ಹೊರಡಿಸಿದರು. ತಪ್ಪು ನಡೆದ ರೀತಿ ಗಮನಿಸಿ. ಹೊಸ ಕರ್ನಲ್‌ನಲ್ಲಿ ಮಾಡಿದ್ದ ಒಂದು ತಿದ್ದುಪಡಿಯನ್ನು ಹಳೆಯ 6.1 ಸರಣಿಗೆ ತಂದರು. ಆ ತಿದ್ದುಪಡಿ ಅದಕ್ಕೂ ಹಿಂದಿನ ಇನ್ನೊಂದು ಬದಲಾವಣೆಯನ್ನು ನಂಬಿಕೊಂಡಿತ್ತು, ಅದನ್ನು ತರಲಿಲ್ಲ. ಎರಡೂ ಇದ್ದ ಹೊಸ ಕರ್ನಲ್ ಚೆನ್ನಾಗಿತ್ತು, ಎರಡೂ ಇಲ್ಲದ ಹಳೆಯದೂ ಚೆನ್ನಾಗಿತ್ತು, ಒಂದೇ ಇದ್ದ ನಡುವಿನದು ಕೆಟ್ಟಿತು. ಡೈರೆಕ್ಟ್ ಐಒ (ಮೆಮೊರಿಯ ಕ್ಯಾಶ್ ಬಿಟ್ಟು ನೇರವಾಗಿ ಬರೆಯುವ ಬಗೆ) ಮೂಲಕ ಬರೆದಾಗ ಫೈಲಿನೊಳಗಿನ ಸ್ಥಾನ ಮುಂದಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ಹೀಗಾಗಿ ಮುಂದಿನ ಬರಹ ತಪ್ಪು ಜಾಗಕ್ಕೆ ಹೋಗಿ ಬಿತ್ತು. ‘ಸ್ಥಿರ ಸರಣಿ, ಆದ್ದರಿಂದ ಸುರಕ್ಷಿತ’ ಎಂಬ ನಂಬಿಕೆಯ ಬಗ್ಗೆ ನನಗೆ ಆಗಿನಿಂದ ಸ್ವಲ್ಪ ಮುಜುಗರವಿದೆ.

ಆ ದೋಷದಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬೇರೆ. ಬ್ಲಾಕ್‌ಗಳ ಲೆಕ್ಕ, ಡೈರೆಕ್ಟರಿಗಳು, ಐನೋಡ್‌ಗಳು (ಪ್ರತಿ ಫೈಲಿನ ದಾಖಲೆ) ಎಲ್ಲವೂ ತಾಳೆಯಾಗಿದ್ದವು. ಫೈಲಿನೊಳಗಿನ ಮಾಹಿತಿ ಮಾತ್ರ ಕೆಟ್ಟಿತ್ತು. ಎಫ್‌ಎಸ್‌ಸಿಕೆ ನೋಡುವುದು ಫೈಲ್ ಸಿಸ್ಟಮ್‌ನ ಅಸ್ಥಿಪಂಜರವನ್ನು ಮಾತ್ರ. ಫೈಲಿನೊಳಗೆ ಏನಿರಬೇಕಿತ್ತು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಅಂಥ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ‘ಕ್ಲೀನ್’ ಎಂದು ಹೇಳಿ ಹೊರಟುಹೋಗುತ್ತದೆ. ನಿಮ್ಮ ಪ್ರಕರಣದಲ್ಲಿ ಪಾರ್ಟಿಷನ್ ರೀಡ್-ಓನ್ಲಿ ಆಗಿರುವುದರಿಂದ ಅಸ್ಥಿಪಂಜರಕ್ಕೂ ಪೆಟ್ಟು ಬಿದ್ದಿದೆ. ಆದರೆ ಡೇಟಾಬೇಸ್ ದೂರು ನಿನ್ನೆಯೇ ಶುರುವಾಯಿತು ಎಂದಿರಿ. ಅಂದರೆ ಒಳಗಿನ ಮಾಂಸವೂ ಕೆಟ್ಟಿರಬಹುದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಅದಕ್ಕೆ ಮೊದಲು ಪ್ರತಿ ತೆಗೆಯಿರಿ. ಹಳೆಯ ಕರ್ನಲ್ ಓಡುತ್ತಿದೆ, ಪಾರ್ಟಿಷನ್ ಮೌಂಟ್ ಆಗಿಲ್ಲ. ಇದೇ ಸರಿಯಾದ ಸಮಯ. ಇನ್ನೊಂದು ಡಿಸ್ಕ್‌ಗೆ ಡಿಡಿ ಅಥವಾ ಡಿಡಿರೆಸ್ಕ್ಯೂ ಬಳಸಿ ಇಡೀ ಪಾರ್ಟಿಷನ್ನಿನ ಬಿಂಬ (ಇಮೇಜ್, ಅಂದರೆ ಪೂರ್ತಿ ನಕಲು) ತೆಗೆದುಕೊಳ್ಳಿ. ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಮೇಲಿದ್ದು, ವಾಲ್ಯೂಮ್ ಗುಂಪಿನಲ್ಲಿ ಜಾಗವಿದ್ದರೆ ಸ್ನ್ಯಾಪ್‌ಶಾಟ್ ಕೂಡ ಆಗುತ್ತದೆ, ಆದರೆ ಅದು ಅದೇ ಡಿಸ್ಕ್ ಮೇಲಿರುತ್ತದೆ ಎಂಬುದನ್ನು ಮರೆಯಬೇಡಿ. ಲೈವ್ ಯುಎಸ್‌ಬಿಯಿಂದ ಮಾಡುವವರಿಗೆ ಒಂದು ಮಾತು: ಆ ಯುಎಸ್‌ಬಿಯೊಳಗಿನ ಕರ್ನಲ್ ಆವೃತ್ತಿ ಯಾವುದು ಎಂದು ನೋಡಿ. ನಿನ್ನೆ ತಾನೇ ಇಳಿಸಿಕೊಂಡ ಹೊಚ್ಚಹೊಸ ಬಿಂಬವಾದರೆ ಅದರೊಳಗೂ ಅದೇ ಕಾಯಿಲೆಯ ಕರ್ನಲ್ ಇರಬಹುದು.

‘ಒಂದು ಸಲ ರೀಡ್-ಓನ್ಲಿಯಾಗಿ ಮೌಂಟ್ ಮಾಡಿ ಇಣುಕಿ ನೋಡಿದರೆ ಏನಾಗುತ್ತದೆ’ ಎಂದು ಅನಿಸುತ್ತದೆ. ಆಗುತ್ತದೆ. ಇಎಕ್ಸ್‌ಟಿ4ನಲ್ಲಿ ಜರ್ನಲ್ (ಬರೆಯಬೇಕಾದುದರ ಮುಂಗಡ ಟಿಪ್ಪಣಿ) ಬಾಕಿಯಿದ್ದರೆ, ರೀಡ್-ಓನ್ಲಿ ಎಂದು ಹೇಳಿ ಮೌಂಟ್ ಮಾಡಿದರೂ ಅದು ಜರ್ನಲ್‌ನಲ್ಲಿದ್ದುದನ್ನು ಮೊದಲು ಡಿಸ್ಕ್‌ಗೆ ಬರೆದುಬಿಡುತ್ತದೆ. ಆ ಜರ್ನಲ್ ಬರೆದದ್ದು ಕೆಟ್ಟ ಕರ್ನಲ್. ಅದಕ್ಕೇ ‘ಆರ್‌ಒ’ ಜೊತೆಗೆ ‘ನೋಲೋಡ್’ ಆಯ್ಕೆಯನ್ನೂ ಕೊಡಬೇಕು. ಇನ್ನೂ ಭದ್ರವಾಗಬೇಕಾದರೆ ಮೊದಲು ‘ಬ್ಲಾಕ್‌ಡೆವ್ --ಸೆಟ್‌ಆರ್‌ಒ’ ಬಳಸಿ ಸಾಧನವನ್ನೇ ಬೀಗ ಹಾಕಿಡಿ. ಆಗ ಮರೆತು ನೋಲೋಡ್ ಬಿಟ್ಟರೂ ಮೌಂಟ್ ಆಗುವುದಿಲ್ಲ, ಹಾನಿಯೂ ಇಲ್ಲ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಇರುವವರಿಗೆ ಇದೇ ಕೆಲಸ ಮಾಡುವ ಆಯ್ಕೆಯ ಹೆಸರು ‘ನೋರಿಕವರಿ’.

ಬಿಂಬ ಕೈಗೆ ಬಂದ ಮೇಲೆ ಅದರ ಇನ್ನೊಂದು ಪ್ರತಿ ಮಾಡಿ, ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ನಡೆಯಲಿ. ಮೊದಲು ‘ಇ2ಎಫ್‌ಎಸ್‌ಸಿಕೆ -ಎಫ್ -ಎನ್’: ಬಲವಂತವಾಗಿ ಪೂರ್ತಿ ನೋಡು, ಏನನ್ನೂ ಬದಲಿಸಬೇಡ ಎಂದರ್ಥ. ಜರ್ನಲ್ ಬಾಕಿಯಿರುವಾಗ ಈ ವಿಧಾನದಲ್ಲಿ ಅದು ಜರ್ನಲ್ ಓಡಿಸುವುದಿಲ್ಲ, ಆದ್ದರಿಂದ ಇಲ್ಲದ ದೋಷಗಳನ್ನೂ ಪಟ್ಟಿ ಮಾಡಿ ಹೆದರಿಸುತ್ತದೆ. ಪಟ್ಟಿಯ ಉದ್ದಕ್ಕೆ ಎದೆ ಒಡೆದುಕೊಳ್ಳಬೇಡಿ, ದೂರಿನ ಬಗೆ ನೋಡಿ. ಖಾಲಿ ಬ್ಲಾಕ್‌ಗಳ ಎಣಿಕೆ ತಪ್ಪಿದೆ, ಬಿಟ್‌ಮ್ಯಾಪ್ ವ್ಯತ್ಯಾಸವಿದೆ ಎಂಬವು ಸಣ್ಣ ವಿಷಯ. ಒಂದೇ ಬ್ಲಾಕನ್ನು ಎರಡು ಫೈಲ್‌ಗಳು ತನ್ನದೆನ್ನುತ್ತಿವೆ ಎಂದು ಬಂದರೆ ಅದು ದೊಡ್ಡ ವಿಷಯ. ಆ ಫೈಲ್‌ಗಳ ಹೆಸರನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ದುರಸ್ತಿಯಾದ ಮೇಲೆ ಎರಡಕ್ಕೂ ಒಂದೊಂದು ಪ್ರತಿ ಸಿಗುತ್ತದೆ, ಆದರೆ ಆ ಮಾಹಿತಿ ಹೆಚ್ಚೆಂದರೆ ಒಂದರದ್ದೇ ಆಗಿರುತ್ತದೆ.

ಆಮೇಲೆ ಪ್ರತಿಯ ಮೇಲೆ ನಿಜವಾದ ದುರಸ್ತಿ ಓಡಿಸಿ, ಏನು ಉಳಿಯಿತು ಏನು ಹೋಯಿತು ನೋಡಿ. ಒಪ್ಪಿಗೆಯಾದರೆ ಮಾತ್ರ ಮೂಲ ಡಿಸ್ಕ್ ಮೇಲೆ ಅದೇ ಕೆಲಸ. ಇ2ಎಫ್‌ಎಸ್‌ಸಿಕೆಯಲ್ಲಿ ಹೆಚ್ಚು ಜನ ಬಳಸದ -ಝಡ್ ಎಂಬ ಆಯ್ಕೆಯಿದೆ. ಅದು ಬದಲಿಸುವ ಪ್ರತಿ ಬ್ಲಾಕ್‌ನ ಹಳೆಯ ರೂಪವನ್ನು ಒಂದು ಫೈಲಿನಲ್ಲಿ ಉಳಿಸುತ್ತದೆ. ಬೇಡವಾದರೆ ಇ2ಅನ್‌ಡು ಕಮಾಂಡ್‌ನಿಂದ ದುರಸ್ತಿಯನ್ನೇ ಹಿಂತೆಗೆಯಬಹುದು. ಆ ಫೈಲ್ ಬೇರೆ ಡಿಸ್ಕ್ ಮೇಲಿರಲಿ. ಆ ನಡುರಾತ್ರಿ ನನಗೆ ಇದು ಗೊತ್ತಿದ್ದರೆ ಎಂದು ಈಗಲೂ ಅನಿಸುತ್ತದೆ.

ಬೇರೆ ಫೈಲ್ ಸಿಸ್ಟಮ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಎಕ್ಸ್‌ಎಫ್‌ಎಸ್ ದುರಸ್ತಿ ಕಮಾಂಡ್ ಲಾಗ್ ಬಾಕಿಯಿದ್ದರೆ ಕೆಲಸ ಮಾಡಲು ಒಪ್ಪದೆ, ಮೊದಲು ಮೌಂಟ್ ಮಾಡಿ ಬಾ ಎನ್ನುತ್ತದೆ. ದೊಡ್ಡ -ಎಲ್ ಆಯ್ಕೆ ಕೊಟ್ಟರೆ ಆ ಲಾಗನ್ನೇ ಎಸೆದು ಮುಂದುವರಿಯುತ್ತದೆ. ಅದು ಕಟ್ಟಕಡೆಯ ಅಸ್ತ್ರ, ಬಿಂಬ ಇಲ್ಲದೆ ಕೈ ಹಾಕಬೇಡಿ. ಬಿಟಿಆರ್‌ಎಫ್‌ಎಸ್‌ನ ‘ಚೆಕ್’ ಕಮಾಂಡ್‌ಗೆ ‘ರಿಪೇರ್’ ಆಯ್ಕೆ ಕೊಡುವುದು ಇನ್ನೂ ಕಡೆಯದು. ಅದಕ್ಕಿಂತ ಮೊದಲು ‘ರಿಸ್ಟೋರ್’ ಬಳಸಿ ಫೈಲ್‌ಗಳನ್ನು ಹೊರಗೆ ಎಳೆದುಕೊಳ್ಳಿ. ಇನ್ನು ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್‌ಗೆ ಮರಳಿದರೆ ಆಯಿತಲ್ಲ ಎನ್ನುವವರು ಎರಡು ವಿಷಯ ಮರೆಯುತ್ತಾರೆ. ಸ್ನ್ಯಾಪ್‌ಶಾಟ್ ಇರುವುದು ಅದೇ ಕೆಟ್ಟ ಫೈಲ್ ಸಿಸ್ಟಮ್‌ನ ಒಳಗೆ. ಮತ್ತು ಬೂಟ್ ಡೈರೆಕ್ಟರಿ ಬೇರೆ ಪಾರ್ಟಿಷನ್ನಿನಲ್ಲಿದ್ದರೆ ಸ್ನ್ಯಾಪ್‌ಶಾಟ್ ಅದನ್ನು ಮುಟ್ಟುವುದಿಲ್ಲ: ಕರ್ನಲ್ ಹೊಸದೇ ಉಳಿಯುತ್ತದೆ, ಅದರ ಮಾಡ್ಯೂಲ್‌ಗಳು (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕುಗಳು) ಮಾತ್ರ ಹಳೆಯವಾಗುತ್ತವೆ, ಯಂತ್ರ ಅರ್ಧಕ್ಕೆ ಬೂಟ್ ಆಗಿ ನಿಲ್ಲುತ್ತದೆ. ಝಡ್‌ಎಫ್‌ಎಸ್ ಇರುವವರು ಹಳೆಯ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿಟ್ಟಿದೆಯೇ ಎಂದು ‘ಡಿಕೆಎಂಎಸ್ ಸ್ಟೇಟಸ್’ ನೋಡಿಯೇ ರೀಬೂಟ್ ಮಾಡಲಿ. ಹೊಸ ಆವೃತ್ತಿ ಬಂದ ಖುಷಿಯಲ್ಲಿ ‘ಝಡ್‌ಪೂಲ್ ಅಪ್‌ಗ್ರೇಡ್’ ಮಾಡಿದ್ದರೆ ಹಿಂದಿನ ಆವೃತ್ತಿಗೆ ಆ ಪೂಲ್ ಬರೆಯಲು ಸಿಗದಿರಬಹುದು, ಕೆಲವೊಮ್ಮೆ ತೆರೆಯಲೂ ಸಿಗದಿರಬಹುದು. ಇಎಕ್ಸ್‌ಟಿ4ನಲ್ಲಿ ಈ ಭಯವಿಲ್ಲ. ಕರ್ನಲ್ ಬದಲಾದ ಮಾತ್ರಕ್ಕೆ ಡಿಸ್ಕ್ ಮೇಲಿನ ವಿನ್ಯಾಸ ಬದಲಾಗುವುದಿಲ್ಲ.

ಫೈಲ್ ಸಿಸ್ಟಮ್ ಎದ್ದು ನಿಂತಿತು ಎಂದುಕೊಳ್ಳೋಣ. ಈಗ ನೆನೆದ ಗೋಡೆ. ‘ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್’ ಎಂದರೆ ಕೆಟ್ಟ ಕರ್ನಲ್ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ಆ ಅವಧಿಯಲ್ಲಿ ಬದಲಾದ ಪ್ರತಿ ಫೈಲ್ ಅನುಮಾನಾಸ್ಪದ. ಫೈಂಡ್ ಕಮಾಂಡ್‌ನಿಂದ ಆ ಪಟ್ಟಿ ತೆಗೆಯಿರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಏಕೆಂದರೆ ತಪ್ಪು ಜಾಗಕ್ಕೆ ಬಿದ್ದ ಬರಹ ಇನ್ಯಾವುದೋ ಹಳೆಯ ಫೈಲಿನ ಬ್ಲಾಕನ್ನು ತುಳಿದಿರಬಹುದು. ಹಾಗೆ ತುಳಿಸಿಕೊಂಡ ಫೈಲಿನ ದಿನಾಂಕ ಬದಲಾಗಿರುವುದಿಲ್ಲ. ಅದನ್ನು ಹಿಡಿಯುವ ಉಪಾಯ ಹೀಗಿದೆ: ಅಪ್‌ಡೇಟ್‌ಗೆ ಮೊದಲಿನ ಬ್ಯಾಕಪ್‌ನೊಂದಿಗೆ ಆರ್‌ಸಿಂಕ್ ಮೂಲಕ ಹೋಲಿಸಿ, ‘ಚೆಕ್‌ಸಮ್’ ಮತ್ತು ‘ಡ್ರೈ-ರನ್’ ಆಯ್ಕೆಗಳೊಂದಿಗೆ. ಅದು ಪ್ರತಿ ಫೈಲಿನ ಒಳಗನ್ನೂ ಓದಿ ಹೋಲಿಸುತ್ತದೆ, ಏನನ್ನೂ ನಕಲು ಮಾಡುವುದಿಲ್ಲ. ದಿನಾಂಕವೂ ಗಾತ್ರವೂ ಒಂದೇ, ಒಳಗಿನ ಮಾಹಿತಿ ಮಾತ್ರ ಬೇರೆ ಎಂದು ಬಂದ ಫೈಲ್ ಕೆಟ್ಟಿದೆ ಎಂದೇ ತಿಳಿಯಿರಿ; ಕಣ್ಣುಮುಚ್ಚಿ ಬ್ಯಾಕಪ್‌ನಿಂದ ತನ್ನಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಸಿಸ್ಟಮ್ ಫೈಲ್‌ಗಳ ಪರೀಕ್ಷೆಗೆ ಡೆಬಿಯನ್‌ನಲ್ಲಿ ಡೆಬ್‌ಸಮ್ಸ್, ಆರ್‌ಪಿಎಂ ಬಳಸುವ ವಿತರಣೆಗಳಲ್ಲಿ ‘ಆರ್‌ಪಿಎಂ -ವಿ’ (ದೊಡ್ಡ ವಿ) ಇದೆ; ಕೆಟ್ಟಿದ್ದ ಪ್ಯಾಕೇಜನ್ನು ಮತ್ತೆ ಸ್ಥಾಪಿಸಿದರೆ ಮುಗಿಯಿತು. ಡೇಟಾಬೇಸ್‌ಗೆ ಅದರದೇ ಪರೀಕ್ಷೆಗಳು ಬೇಕು. ಪೋಸ್ಟ್‌ಗ್ರೆಸ್ ಆದರೆ, ಚೆಕ್‌ಸಮ್ ಆನ್ ಮಾಡಿ ಕಟ್ಟಿದ್ದರೆ, ಸರ್ವರ್ ನಿಲ್ಲಿಸಿ ಪಿಜಿ-ಚೆಕ್‌ಸಮ್ಸ್ ಓಡಿಸಬಹುದು. 18ನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್ ಇರುತ್ತದೆ. ಅದಕ್ಕೆ ಮೊದಲು ಕೇಳಿ ಹಾಕಿಸಿಕೊಳ್ಳಬೇಕಿತ್ತು, ಹೆಚ್ಚಿನವರು ಕೇಳಿರುವುದಿಲ್ಲ. ಎಸ್‌ಕ್ಯುಲೈಟ್‌ಗೆ ‘ಇಂಟೆಗ್ರಿಟಿ ಚೆಕ್’ ಇದೆ. ಪರೀಕ್ಷೆ ಪಾಸಾದರೂ ನನ್ನ ಸಲಹೆ ಒಂದೇ: ಇಡೀ ಡೇಟಾಬೇಸ್ ಅನ್ನು ಡಂಪ್ ಮಾಡಿ ಹೊಸ ಜಾಗಕ್ಕೆ ತುಂಬಿ. ಡಂಪ್ ಆಗುವಾಗ ಪ್ರತಿ ಸಾಲನ್ನೂ ಅದು ಓದಲೇಬೇಕು, ತುಂಬುವಾಗ ಇಂಡೆಕ್ಸ್‌ಗಳೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಕೆಟ್ಟ ಇಂಡೆಕ್ಸ್ ಇಟ್ಟುಕೊಂಡ ಡೇಟಾಬೇಸ್ ವಾರಗಟ್ಟಲೆ ಸುಳ್ಳು ಹೇಳಬಲ್ಲದು.

ಇನ್ನು ಕೆಟ್ಟ ಕರ್ನಲ್ ಮತ್ತೆ ಬಾರದಂತೆ ನೋಡಿಕೊಳ್ಳಬೇಕು. ಸರಿಪಡಿಸಿದ ಆವೃತ್ತಿ ಈಗಾಗಲೇ ಬಂದಿದ್ದರೆ ಹಿಂದೆ ನಿಲ್ಲುವುದಕ್ಕಿಂತ ಮುಂದಕ್ಕೆ ಹೋಗುವುದೇ ಮೇಲು, ಏಕೆಂದರೆ ಹಳೆಯ ಕರ್ನಲ್‌ನಲ್ಲಿ ಭದ್ರತೆಯ ತೂತುಗಳು ಹಾಗೆಯೇ ಇರುತ್ತವೆ. ಬಂದಿಲ್ಲವಾದರೆ, ಹಳೆಯದರಲ್ಲಿ ಬೂಟ್ ಆದ ಮೇಲೆ ಕೆಟ್ಟ ಕರ್ನಲ್‌ನ ಪ್ಯಾಕೇಜನ್ನು ತೆಗೆದುಹಾಕಿ. ಮೆನುವಿನಲ್ಲಿ ಅದು ಉಳಿದಿದ್ದರೆ, ಯಾರೋ ಒಬ್ಬರು ಒಂದು ದಿನ ಅದನ್ನೇ ಆರಿಸುತ್ತಾರೆ. ಹಾಗೆ ತೆಗೆಯುವಾಗ ‘ಲಿನಕ್ಸ್-ಇಮೇಜ್-ಎಎಂಡಿ64’ ಎಂಬ ಮೆಟಾ ಪ್ಯಾಕೇಜನ್ನೂ ತೆಗೆಯಲೇ ಎಂದು ಡೆಬಿಯನ್‌ನ ಪ್ಯಾಕೇಜ್ ಸ್ಥಾಪಕ ಆಪ್ಟ್ ಕೇಳುತ್ತದೆ. ಹೊಸ ಕರ್ನಲ್ ಬಂದಾಗ ಅದನ್ನು ಎಳೆದುಕೊಂಡು ಬರುವುದು ಇದೇ. ಇದು ಹೋದರೆ ಇನ್ನು ಮುಂದೆ ಕರ್ನಲ್ ಅಪ್‌ಡೇಟ್ ಬರುವುದೇ ಇಲ್ಲ, ಯಾವ ಎಚ್ಚರಿಕೆಯೂ ಇಲ್ಲದೆ. ಸದ್ಯಕ್ಕೆ ನಿಮಗೆ ಬೇಕಾದದ್ದೂ ಅದೇ, ಆದ್ದರಿಂದ ಒಪ್ಪಿ. ಆದರೆ ಕಾಗದದ ಮೇಲೆ ದಿನಾಂಕ ಹಾಕಿ ಬರೆದು ಕಣ್ಣಿಗೆ ಕಾಣುವ ಕಡೆ ಅಂಟಿಸಿ. ಪ್ಯಾಕೇಜ್ ತೆಗೆಯಲು ಮನಸ್ಸಿಲ್ಲದಿದ್ದರೆ ಮೆಟಾ ಪ್ಯಾಕೇಜ್ ಮೇಲೆ ‘ಆಪ್ಟ್-ಮಾರ್ಕ್ ಹೋಲ್ಡ್’ ಹಾಕಿ, ಗ್ರಬ್ ಡಿಫಾಲ್ಟ್ ಬದಲಿಸಿ. ಒಳ್ಳೆಯ ಕರ್ನಲ್‌ಗೆ ‘ಆಪ್ಟ್-ಮಾರ್ಕ್ ಮ್ಯಾನುಯಲ್’ ಗುರುತು ಹಾಕಿದರೆ, ಬೇಡದ ಪ್ಯಾಕೇಜ್‌ಗಳನ್ನು ತೆಗೆಯುವ ಆಟೋರಿಮೂವ್ ಅದನ್ನು ಗುಡಿಸಿಹಾಕುವುದಿಲ್ಲ. ಹಳೆಯದು ಈಗಾಗಲೇ ಗುಡಿಸಿಹೋಗಿದ್ದರೆ, 6.1.55ರಂಥ ಹಳೆಯ ಪ್ಯಾಕೇಜ್‌ಗಳೂ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಭಂಡಾರದಲ್ಲಿ ಸಿಗುತ್ತವೆ.

ಬೇರೆ ಲಿನಕ್ಸ್ ವಿತರಣೆಗಳವರಿಗೆ: ಫೆಡೋರಾದಲ್ಲಿ ಮೂರು ಕರ್ನಲ್ ಉಳಿಸಿಕೊಳ್ಳುವುದು ವಾಡಿಕೆ, ಡಿಫಾಲ್ಟ್ ಬದಲಿಸಲು ಗ್ರಬಿ, ತಡೆಯಲು ವರ್ಷನ್‌ಲಾಕ್. ಆರ್ಚ್‌ನಲ್ಲಿ ಹೊಸ ಕರ್ನಲ್ ಹಳೆಯದರ ಮೇಲೆಯೇ ಬರೆದುಕೊಳ್ಳುತ್ತದೆ. ಅಲ್ಲಿ ಪ್ಯಾಕೇಜ್ ಸ್ಥಾಪಕ ಪ್ಯಾಕ್‌ಮ್ಯಾನ್‌ನ ಕ್ಯಾಶ್ ಡೈರೆಕ್ಟರಿಯೇ ದೇವರು, ಪಕ್ಕದಲ್ಲಿ ‘ಲಿನಕ್ಸ್-ಎಲ್‌ಟಿಎಸ್’ ಮೊದಲೇ ಹಾಕಿಟ್ಟಿದ್ದರೆ ಇನ್ನೂ ಒಳ್ಳೆಯದು. ಓಪನ್‌ಸುಸೆಯಲ್ಲಿ ಹಲವು ಕರ್ನಲ್ ಒಟ್ಟಿಗೆ ಇರುತ್ತವೆ, ಜಿಪ್ಪರ್‌ನಲ್ಲಿ ಲಾಕ್ ಹಾಕಬಹುದು.

ಕೊನೆಯ ಪ್ರಶ್ನೆ, ಮತ್ತೆ ಅಪ್‌ಡೇಟ್ ಯಾವಾಗ. ನಿಮ್ಮನ್ನು ಕಾಡಿದ ದೋಷಕ್ಕೇ ತಿದ್ದುಪಡಿ ಬಂದಿದೆ ಎಂದು ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ ಹೆಸರು ಹಿಡಿದು ಬರೆದಿರಬೇಕು. ‘ಹೊಸ ಆವೃತ್ತಿ ಬಂದಿದೆ’ ಎಂಬುದು ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ, ಇದೇ ಡೇಟಾಬೇಸ್ ಇದೇ ರೀತಿ ಬರೆಯುವಂತೆ ಮಾಡಿ ಕೆಲವು ದಿನ ಓಡಿಸಿ. 2023ರಲ್ಲಿ ಇಎಕ್ಸ್‌ಟಿ4 ಸರಿಪಡಿಸಿದ 6.1.66ನ್ನೇ ಅವಸರದಲ್ಲಿ ಹಾಕಿಕೊಂಡವರಲ್ಲಿ ಕೆಲವರಿಗೆ ವೈಫೈ ಕೆಟ್ಟಿತು. ಆ ಬದಲಾವಣೆಯನ್ನು ಹಿಂತೆಗೆದುಕೊಂಡು 6.1.67 ಹೊರಡಿಸಬೇಕಾಯಿತು. ಸರ್ವರ್‌ಗೆ ವೈಫೈ ಇಲ್ಲವಾದ್ದರಿಂದ ಆಗ ನಾನು 6.1.66 ಹಾಕಿಕೊಂಡೆ, ಲ್ಯಾಪ್‌ಟಾಪ್‌ಗೆ ಹಾಕಲಿಲ್ಲ. ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ನೋಡಿ ನೀವೂ ಹಾಗೆಯೇ ತೀರ್ಮಾನಿಸಬಹುದು. ಹಾಕಿದ ದಿನ ಮೆಟಾ ಪ್ಯಾಕೇಜನ್ನು ಮರಳಿ ಸ್ಥಾಪಿಸಿ, ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಖಾಲಿ ಬರುತ್ತದೆಯೇ ನೋಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಕಾಮೆಂಟ್ ಮಾಡಿದ ಸಾಲನ್ನು ತೆರೆದಿದ್ದೀರಾ ಎಂದು ನೋಡಿ, ನಿಲ್ಲಿಸಿದ್ದ ಬ್ಯಾಕಪ್ ಕ್ರಾನ್ ಮತ್ತೆ ಶುರು ಮಾಡಿ. ಆಮೇಲೆ ಗೋಡೆಗೆ ಅಂಟಿಸಿದ ಕಾಗದವನ್ನು ತೆಗೆಯಿರಿ.